ಶೆಗಡಿಗೆ ಹಾಕಿದ ಎರಡು ಮೊಳ ಟೇಪು

ಆ ಟೇಪ್ ರೆಕಾರ್ಡರಿನ ರಿಪೇರಿಗೆ ನಾನು ನಲವತ್ತೈದು ರೂಪಾಯಿ ಹೇಳಿ ನಲವತ್ತಕ್ಕೆ ಒಪ್ಪಿದೆ. ಐದು ಬಿಡಬೇಕಾಗುತ್ತದೆಂದು ಗೊತ್ತಿದ್ದೇ ಐದು ಹೆಚ್ಚು ಹೇಳಿದ್ದೆ. ಆಗಿನ ಕಾಲಕ್ಕೆ ನಲವತ್ತು ಸಣ್ಣ ಮೊತ್ತವಲ್ಲ. ಆದರೆ ಬಲ್ಬಿನಂಥ ಒಂದು ಗಾಜಿನ ವಾಲ್ವನ್ನು ಹುಬ್ಬಳ್ಳಿಯಿಂದ ತರಬೇಕಿತ್ತು, ಎರಡು ಕಂಡೆನ್ಸರ್ ಕೆಟ್ಟು ಗುಂಯ್‌ಗುಡುತ್ತಿದ್ದವು, ಟೇಪನ್ನು ಓಡಿಸುವ ರಬ್ಬರಿನ ಗಾಲಿ ವರ್ಷಗಟ್ಟಲೆ ನಿಂತಲ್ಲೇ ನಿಂತು ಒಂದು ಮಗ್ಗುಲು ಚಪ್ಪಟೆಯಾಗಿತ್ತು. ಇದನ್ನೆಲ್ಲ ಮೊದಲೇ ಹೇಳುವುದು ಯಾಕೆಂದರೆ, ನಾನು ಕಂಡದ್ದನ್ನು ಕಂಡಷ್ಟೇ ಹೇಳುವ ಮನುಷ್ಯ ಎಂಬುದು ನಿಮಗೆ ತಿಳಿದಿರಲಿ. ಹಂಸಭಾವಿಯಿಂದ ಬರಿಗೈಯಲ್ಲಿ ಬಂದು, ಟೂರಿಂಗ್ ಟಾಕೀಸಿನ ಆಂಪ್ಲಿಫೈಯರ್ ಬಿಚ್ಚಿ ಜೋಡಿಸಿ ಕೆಲಸ ಕಲಿತು, ಹಾನಗಲ್ಲಿನಲ್ಲಿ ಸ್ವಂತ ಅಂಗಡಿ ಹಾಕಿದವನು ನಾನು. ಯಾರಾದರೂ ದೆವ್ವದ ಮಾತೆತ್ತಿದರೆ, “ಎಲ್ಲೋ ವೈರ್ ಲೂಸ್ ಆಗೇತಿ, ನೋಡ್ರಿ” ಎಂದು ನಗುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಹೇಳಲಾರೆ.

ಮೆಷಿನ್ನು ಸವಣೂರಿನ ಒಂದು ವೈಷ್ಣವ ಮನೆತನದ್ದು. ಯಜಮಾನರಾದ ಆಚಾರ್ಯರು ಪುರಾಣ ಹೇಳುವುದರಲ್ಲಿ ಹೆಸರಾದವರು. ಮುಂಬಯಿಯ ನೆಂಟರೊಬ್ಬರು ಕೊಟ್ಟ ಈ ಮೆಷಿನ್ನಿನಲ್ಲಿ ಒಮ್ಮೆ ಅವರ ಶ್ಲೋಕಪಠಣವನ್ನು ಹಿಡಿದಿಟ್ಟಿದ್ದರು. ಒಂದೆರಡು ಸಲ ಕೇಳುವಷ್ಟರಲ್ಲಿ ಮೆಷಿನ್ ಕೆಟ್ಟಿತು. ಮುಂದೆ ಆಚಾರ್ಯರೂ ತೀರಿಕೊಂಡರು. ಮೂರು ವರ್ಷ ಟ್ರಂಕಿನಲ್ಲಿ ಬಿದ್ದಿದ್ದ ಅದನ್ನು, ಶಾಲಾಮಾಸ್ತರನಾಗಿದ್ದ ಮಗ ರಾಘಣ್ಣ ನನ್ನ ಅಂಗಡಿಗೆ ಹೊತ್ತು ತಂದ.

“ಅಪ್ಪನ ಧ್ವನಿ ಇದೊಂದರಾಗ ಅದರೀ ಮಿಸ್ತ್ರಿ. ಪೆಟಗಿ ಯಾವಾಗ ಮಾತಾಡ್ತದ ಅಂತ ಅವ್ವ ದಿನಾ ಕೇಳ್ತಾಳ.”

“ಮೊದಲ ರೊಕ್ಕ ಮಾತಾಡ್ಲಿ ಮಾಸ್ತರ, ಆಮ್ಯಾಲ ಪೆಟಗಿ ತಾನ ಮಾತಾಡ್ತೈತಿ” ಎಂದೆ. ಆತ ನಕ್ಕ. ವ್ಯವಹಾರ ಕುದುರಿತು.

ಎಂಟು ದಿನ ಹಿಡಿಯಿತು. ಗಾಲಿಗೆ ಸೈಕಲ್ ಟ್ಯೂಬಿನ ರಬ್ಬರು ತೊಡಿಸಿ, ಧ್ವನಿಯನ್ನು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಟೇಪನ್ನು ಪೂರ್ತಿ ಹಚ್ಚಿ ಕೇಳಿದೆ. ಇಪ್ಪತ್ತು ನಿಮಿಷದ ಶ್ಲೋಕ, ತುಂಬಿದ ಕಂಠ. ಮುಗಿದ ಮೇಲೆ ಮೆಷಿನ್ ಬಂದ್ ಮಾಡಲು ಮರೆತಿದ್ದರೆಂದು ಕಾಣುತ್ತದೆ. ಒಂದು ಕೆಮ್ಮು, ಆಮೇಲೆ “ತುಂಗಾ, ಒಂಚೂರು ನೀರು ಕೊಡು” ಎಂಬ ಮಾತು. ಅಷ್ಟಕ್ಕೆ ಟೇಪೇ ಖಾಲಿಯಾಗಿತ್ತು. ಆ ಕೊನೆಯ ತುಂಡು ಸುಕ್ಕುಗಟ್ಟಿ ಅಂಚು ಹರಿದಿತ್ತು. ಹರಿದ ಬಾಲವನ್ನು ಕತ್ತರಿಸುವುದು ನಮ್ಮ ಕಸುಬಿನ ರೂಢಿ. ಬಿಟ್ಟರೆ ಹರಕು ಒಳಗಿನವರೆಗೂ ಓಡುತ್ತದೆ. ಶ್ಲೋಕಕ್ಕೆ ಧಕ್ಕೆಯಿಲ್ಲವೆಂದು ನೋಡಿಕೊಂಡು, ಕೆಮ್ಮೂ ಸೇರಿದಂತೆ ಆಚೆಗಿನ ಎರಡು ಮೊಳವನ್ನು ಕತ್ತರಿಸಿದೆ. ಬೆಸುಗೆಯ ಸಲಾಕೆ ಕಾಯಿಸಲು ಇಟ್ಟುಕೊಂಡಿದ್ದ ಇದ್ದಿಲ ಶೆಗಡಿಗೆ ಹಾಕಿದೆ. ಭಗ್ಗನೆ ಹೊತ್ತಿತು, ಹುಳಿ ವಾಸನೆ ಬಂತು. ಪೂರ್ತಿ ಉರಿದು ಬೂದಿಯಾದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಮರುದಿನ ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ, ಮೆಷಿನ್ನನ್ನು ತೊಡೆಯ ಮೇಲೆಯೇ ಇಟ್ಟುಕೊಂಡು, ಮಧ್ಯಾಹ್ನದ ಊಟದ ಹೊತ್ತು ಮುಗಿದ ಮೇಲೆ ಸವಣೂರು ಮುಟ್ಟಿದೆ. ಪಡಸಾಲೆಯಲ್ಲಿ ಮಣೆಯ ಮೇಲಿಟ್ಟು ವೈರು ಜೋಡಿಸುತ್ತಿದ್ದಾಗ ರಾಘಣ್ಣನ ತಾಯಿ ತುಂಗಾಬಾಯಿ ಬಂದು ಗೋಡೆಗೆ ಒರಗಿ ಕುಳಿತರು.

“ಕಡೀತನಕಾ ಕೇಳಸ್ತದಲ್ಲಾ ತಮ್ಮಾ?” ಎಂದರು.

“ಪೂರಾ ಕೇಳಸ್ತೈತ್ರಿ ಬಾಯಾರ. ಶ್ಲೋಕದಾಗ ಒಂದಕ್ಷರ ಹೋಗಿಲ್ಲ.”

“ಶ್ಲೋಕ ನನಗ ಬಾಯಿಪಾಠ ಅವ. ಕಡೀಕ ನನ್ನ ಹೆಸರು ಹಿಡಿದು ಕರೀತಾರ ನೋಡು, ಅದೊಂದು ಕೇಳ್ಬೇಕು. ಮೂವತ್ತೈದು ವರ್ಷದ ಸಂಸಾರದಾಗ ‘ಏ’ ಅಂದ್ರು, ‘ಇಕಿ’ ಅಂದ್ರು. ಹೆಸರು ಹಿಡಿದದ್ದು ಅದೊಂದೇ ಸಲ.”

ರಾಘಣ್ಣ ಚೇಷ್ಟೆ ಮಾಡಿದ. “ಅಷ್ಟು ಶ್ಲೋಕ ಬಿಟ್ಟು ನಿನಗ ನೀರು ಕೇಳಿದ್ದ ಬೇಕೇನವಾ?”

“ಹೌದಪಾ, ನನಗ ಅದ ಬೇಕು. ಶ್ಲೋಕ ನೀನು ಇಟ್ಕೋ.”

ನನ್ನ ಕೈ ನಿಂತಿತು. ಆಕೆ ಮೂರು ವರ್ಷ ಕಾದಿದ್ದ ಮಾತು ಹಾನಗಲ್ಲಿನ ನನ್ನ ಶೆಗಡಿಯಲ್ಲಿ ಬೂದಿಯಾಗಿತ್ತು. ಮುಚ್ಚಿಡುವುದಿಲ್ಲ: ಆಗ ನಾನು ನಿಜ ಹೇಳಲಿಲ್ಲ. ಗುಂಡಿ ಒತ್ತಿದೆ. ಶ್ಲೋಕ ನಡೆದಷ್ಟೂ ಹೊತ್ತು ಒಳಗೊಳಗೇ ಒಂದು ಸುಳ್ಳನ್ನು ಹೊಂದಿಸಿಕೊಂಡೆ. ಟೇಪು ಹಳೆಯದು, ಕೊನೆಯದು ತಾನಾಗಿಯೇ ಉದುರಿಹೋಗಿದೆ ಎನ್ನುವುದು. ಗಿರಾಕಿಗಳಿಗೆ ಇದಕ್ಕಿಂತ ದೊಡ್ಡದನ್ನು ನಗುನಗುತ್ತ ಹೇಳಿದವನು ನಾನು. ಅಂದು ಮಾತ್ರ ಆಕೆಯ ಕಡೆ ಕತ್ತೆತ್ತಿ ನೋಡುವುದಾಗಲಿಲ್ಲ.

ಶ್ಲೋಕ ಮುಗಿಯಿತು. ನಾನು ಕತ್ತರಿಸಿದ ತುದಿ ಹೆಡ್ಡನ್ನು ದಾಟಿ ಹೋಯಿತು. ತುಂಬಿದ ಸುರುಳಿ ಸುಮ್ಮನೆ ತಿರುಗುತ್ತ, ಟೇಪಿನ ತುದಿ ಪಟ್ ಪಟ್ ಎಂದು ಬಡಿಯತೊಡಗಿತು. ಬಂದ್ ಮಾಡಲು ಕೈ ಚಾಚಿದೆ. ಗುಂಡಿ ಮುಟ್ಟುವ ಮೊದಲೇ ಸ್ಪೀಕರಿನಿಂದ ಕೆಮ್ಮು ಬಂತು.

“ತುಂಗಾ, ಒಂಚೂರು ನೀರು ಕೊಡು.”

ಅದೇ ಧ್ವನಿ, ಅಂಗಡಿಯಲ್ಲಿ ಕೇಳಿದ್ದಷ್ಟೇ ಗಟ್ಟಿಯಾಗಿ. ನಾನು ಹೆಡ್ಡನ್ನೇ ನೋಡುತ್ತಿದ್ದೆ. ಅದರ ಮೇಲೆ ಟೇಪು ಇರಲಿಲ್ಲ.

ತುಂಗಾಬಾಯಿ ಎದ್ದು ಒಳಗೆ ಹೋಗಿ ತಾಮ್ರದ ತಂಬಿಗೆಯಲ್ಲಿ ನೀರು ತಂದು, ಮೆಷಿನ್ನಿನ ಮುಂದಿಟ್ಟು, ಮತ್ತೆ ಗೋಡೆಗೆ ಒರಗಿ ಕುಳಿತರು. ರಾಘಣ್ಣನೂ ಕೇಳಿಸಿಕೊಂಡಿದ್ದ. “ಕಡೀತನಕಾ ಎಷ್ಟು ಸ್ವಚ್ಛ ಬಂತಲ್ರೀ! ಇನ್ನೊಮ್ಮೆ ಹಚ್ರಿ” ಎಂದ.

“ಇವತ್ತಿಗೆ ಸಾಕ್ರಿ, ವಾಲ್ವ್ ಕಾದಾವು” ಎಂದು ಪ್ಲಗ್ಗನ್ನೇ ಕಿತ್ತೆ. ಟೇಪಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನನ್ನ ಕತ್ತರಿಯ ಓರೆ ಗುರುತು ಹಾಗೇ ಇತ್ತು.

ಕಾರಣ ಹುಡುಕದೆ ಬಿಟ್ಟವನಲ್ಲ ನಾನು. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಸದ್ದು ಪಕ್ಕದ ಪದರಕ್ಕೆ ತುಸು ಅಂಟುವುದುಂಟು. ಆದರೆ ಅದು ಪಿಸುಮಾತಿನಷ್ಟಿರುತ್ತದೆ, ಮೇಲಾಗಿ ಅದಕ್ಕೂ ಹೆಡ್ಡಿನ ಮೇಲೆ ಟೇಪು ಬೇಕು. ಹುಬ್ಬಳ್ಳಿಯ ಹಿರಿಯ ಮಿಸ್ತ್ರಿಯೊಬ್ಬರಿಗೆ ಎಲ್ಲವನ್ನೂ ಹೇಳಿದೆ. ವಾಲ್ವು ಒಮ್ಮೊಮ್ಮೆ ರೇಡಿಯೋ ಸ್ಟೇಶನ್ನನ್ನು ಹಿಡಿದುಬಿಡುತ್ತದೆ ಎಂದರು. “ರೇಡಿಯೋದವ್ರು ತುಂಗಾಬಾಯಾರಿಗೆ ನೀರು ಕೇಳ್ತಾರೇನ್ರಿ?” ಎಂದೆ. ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು.

ಎರಡು ವರ್ಷದ ಮೇಲೆ ಶಿಗ್ಗಾವಿಯ ಬಸ್‌ಸ್ಟ್ಯಾಂಡಿನಲ್ಲಿ ರಾಘಣ್ಣ ಸಿಕ್ಕ. “ಪೆಟಗಿ ಇನ್ನೂ ಛಲೋ ನಡದದ ಮಿಸ್ತ್ರಿ. ವರ್ಷಕ್ಕೊಮ್ಮೆ ಅವ್ವ ಹಚ್ಚಸ್ತಾಳ” ಎಂದ. ಎಲ್ಲಿಯ ತನಕ ಕೇಳಿಸುತ್ತದೆ ಎಂದು ಕೇಳಲು ಬಾಯಿ ತೆರೆದೆ. ಬಸ್ಸು ಬಂತು ಎಂದು ನೆಪ ಹೇಳಿ ಹತ್ತಿಬಿಟ್ಟೆ. ಅದು ನನ್ನ ಬಸ್ಸೇ ಆಗಿರಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಮೆಷಿನ್ ಇದ್ದರೆ ನನ್ನ ಮಾತು ಕೇಳಿ. ಟೇಪನ್ನು ಸ್ಪೀಕರಿನ ಹತ್ತಿರ ಇಡಬೇಡಿ, ಆಯಸ್ಕಾಂತ ಧ್ವನಿಯನ್ನು ತಿನ್ನುತ್ತದೆ. ರಿಪೇರಿಗೆ ಕೊಡುವಾಗ ಯಾವ ಮಾತು ನಿಮಗೆ ಬೇಕೋ ಅದನ್ನು ಮೊದಲೇ ಹೇಳಿ. ಹೇಳದಿದ್ದರೆ ನಮ್ಮಂಥವರಿಗೆ ತಿಳಿಯುವುದಿಲ್ಲ. ಮತ್ತು ಟೇಪು ಮುಗಿಯುತ್ತ ಬಂದಾಗ ಕೈ ಗುಂಡಿಯ ಮೇಲಿರಲಿ. ಖಾಲಿ ಮೆಷಿನ್ ತಿರುಗಲು ಬಿಡಬೇಡಿ. ಬೇರಿಂಗ್ ಸವೆಯುತ್ತದೆ ಎಂದು ಗಿರಾಕಿಗಳಿಗೆ ಹೇಳುತ್ತೇನೆ. ಅದೂ ಸುಳ್ಳಲ್ಲ.