ಮುಂದಿನ ಸೀಟಿನ ಕಲ್ಲು

ಆ ದಿನ ನಮ್ಮ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತಿದ್ದದ್ದು ಅಪ್ಪನೋ, ನೆಲಕ್ಕೆ ಹಾಸುವ ಎರಡು ಫರಸಿ ಕಲ್ಲುಗಳೋ ಎಂದು ನಾನು ಖಚಿತವಾಗಿ ಹೇಳಲಾರೆ. ನನಗೆ ಎರಡೂ ನೆನಪಿವೆ. ಶಹಾಬಾದಿನ ಬೂದು ಕಲ್ಲುಗಳಿಗೆ ಸೀಟ್ ಬೆಲ್ಟ್ ಬಿಗಿದಿದ್ದು ಕಣ್ಣಿಗೆ ಕಟ್ಟಿದಂತಿದೆ. ಅದೇ ಕಿಟಕಿಯಿಂದ ಅಪ್ಪ ತಲೆ ಹೊರಗೆ ಹಾಕಿ ಬೈಯುತ್ತಿದ್ದದ್ದೂ ಹಾಗೆಯೇ ಇದೆ. ತಂಗಿ ಸುಜಾತಾ, ಕಲ್ಲು ಮಾತ್ರ ಇದ್ದವು, ಅಪ್ಪ ಬಂದೇ ಇರಲಿಲ್ಲ ಎನ್ನುತ್ತಾಳೆ. ಅಪ್ಪನನ್ನು ಕೇಳಿದರೆ, “ಯಾವ ಕಲ್ಲ?” ಎಂದು ನನ್ನನ್ನೇ ಕೇಳುತ್ತಾನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಒಬ್ಬನೇ ಸಾಕ್ಷಿಯನ್ನು ನಂಬಬಾರದೆಂದು ಕಲಿಸಿದ್ದರು. ಆ ಒಬ್ಬನೇ ಸಾಕ್ಷಿ ಎರಡು ಹೇಳಿಕೆ ಕೊಟ್ಟರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಕಲ್ಲು ಇಟ್ಟವನನ್ನು ಕೇಳೋಣವೆಂದರೆ ಭೀಮಶಾ ಮಿಸ್ತ್ರಿ ಈಗಿಲ್ಲ.

ಭೀಮಶಾ ಯಾರನ್ನೇ ಕಂಡರೂ ಮೊದಲು ಅವರ ತೂಕ ಹೇಳುತ್ತಿದ್ದ. ನಮಸ್ಕಾರ ಆಮೇಲೆ. ಶಹಾಬಾದಿನಲ್ಲಿ ರಸ್ತೆಗೆ ಅಂಟಿಕೊಂಡಂತಿದ್ದ ಅವನ ಗ್ಯಾರೇಜಿಗೆ ನಾನು ಮೊದಲ ಸಲ ಹೋದಾಗ ಗಾಡಿಯ ಕೆಳಗಿನಿಂದ ಮುಖವಷ್ಟೇ ಹೊರಗೆ ಚಾಚಿ, “ಎಪ್ಪತ್ತೊಂಬತ್ತ. ಅದರಾಗ ಒಂದ ಕಿಲೊ ಮೊಬೈಲು, ಚಾವಿ, ಪುಸ್ತಕ. ಬರ್ರಿ ಸರ, ಕುಂದರ್ರಿ,” ಎಂದಿದ್ದ. ಅವನದು ಕಾಗಿಣಾ ನದಿಯ ದಂಡೆಯ ಅಂಬಿಗರ ಮನೆತನ. ಅವನಪ್ಪ ಹರಗೋಲು ಹಾಕುತ್ತಿದ್ದನಂತೆ; ದಂಡೆಗೆ ಬಂದವರನ್ನು ಒಮ್ಮೆ ನೋಡಿ, ನೀ ಈ ಕಡೆ, ನೀ ಆ ಕಡೆ ಎಂದು ಕೂರಿಸುತ್ತಿದ್ದನಂತೆ. ಸೇತುವೆ ಬಂದಿತು, ಹರಗೋಲು ಹೋಯಿತು, ನೋಡುವ ಚಟ ಮಾತ್ರ ಮಗನಿಗೆ ಉಳಿಯಿತು.

ಇದೆಲ್ಲ ಕೇಳಲು ಚೆಂದ. ನನಗೆ ಚೆಂದದ ಕಥೆಗಳ ಮೇಲೆ ಅನುಮಾನ. ಒಮ್ಮೆ ಅವನನ್ನು ಪಕ್ಕದ ಕಿರಾಣಿ ಅಂಗಡಿಗೆ ಎಳೆದುಕೊಂಡು ಹೋಗಿ, ನಾನೇ ತೂಕದ ಯಂತ್ರದ ಮೇಲೆ ನಿಂತೆ. ಅವನ ಲೆಕ್ಕ ಆರು ಕಿಲೊ ತಪ್ಪಿತ್ತು. ಭೀಮಶಾ ಯಂತ್ರವನ್ನು ಕಾಲಿನಿಂದ ಮೆಲ್ಲಗೆ ತಟ್ಟಿ, “ಕಿರಾಣಿ ಅಂಗಡ್ಯಾಂದು. ಇದು ಯಾವಾಗರ ಖರೇ ಹೇಳ್ಯಾದೇನ್ರಿ?” ಎಂದ. ಅಂಗಡಿಯವನು ಬೈದ. ಇವನು ನಗುತ್ತ ಅವನ ಡಬ್ಬಿಯಿಂದಲೇ ಒಂದು ಹಿಡಿ ಪುಠಾಣಿ ಕಡಲೆ ತೆಗೆದುಕೊಂಡು ಹೊರಬಿದ್ದ.

ನಾವು ಅವನ ಹತ್ತಿರ ಹೋದದ್ದು ಅಪ್ಪನ ಬೆನ್ನಿನ ಸಲುವಾಗಿ. ಅಪ್ಪ ವಾಡಿಯಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದವನು. ನಿವೃತ್ತಿಯಾದಾಗ ಬಂದ ಹಣದಲ್ಲಿ ಸುಲೇಪೇಟದಾಚೆ ನಾಲ್ಕು ಎಕರೆ ಹೊಲ ಕೊಂಡಿದ್ದ. ನಮ್ಮ ಮನೆತನದಲ್ಲಿ ಅಲ್ಲಿಯತನಕ ಎಲ್ಲರೂ ಬೇರೆಯವರ ಹೊಲದಲ್ಲಿ ದುಡಿದವರೇ. ವಾರಕ್ಕೊಮ್ಮೆ ಹೋಗಿ ಆ ಬದುವಿನ ಮೇಲೆ ನಡೆದು ಬರದಿದ್ದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಸುಲೇಪೇಟದತನಕ ಡಾಂಬರು ರಸ್ತೆ. ಅಲ್ಲಿಂದ ಮುಂದೆ ಬಂಡೆ, ಕೊರಕಲು, ಎತ್ತಿನ ಗಾಡಿಯ ಜಾಡು. ನಮ್ಮ ಹಳೆಯ ಎಸ್‌ಯುವಿಯ ಸ್ಪ್ರಿಂಗುಗಳು ಕುಸಿದಿದ್ದವು, ಕುಲುಕು ತಡೆಯುವ ಶಾಕಪ್‌ಗಳಿಂದ ಎಣ್ಣೆ ಸೋರುತ್ತಿತ್ತು. ಒಂದು ದಿನ ಗಾಡಿಯ ಹೊಟ್ಟೆ ಬಂಡೆಗೆ ಬಡಿದ ರಭಸಕ್ಕೆ ಅಪ್ಪ ಸೊಂಟ ಹಿಡಿದುಕೊಂಡು ಕೂಗಿದ. ಡಾಕ್ಟರು, ಬೆನ್ನುಮೂಳೆ ಸವೆದಿದೆ, ಕುಲುಕಾಟ ಬೇಡ ಎಂದರು. ಅಪ್ಪ ಹೊಲಕ್ಕೆ ಹೋಗುವುದನ್ನು ಬಿಟ್ಟ. ಕೆಲವು ವಾರಗಳ ನಂತರ, ಯಾರನ್ನೂ ನೋಡದೆ, “ಹೊಲ ಯಾರಿಗರ ಕೊಟ್ಟುಬಿಡೋಣು. ಕಣ್ಣಿಲೆ ಕಾಣದ ಹೊಲ ನಮಗ್ಯಾಕ?” ಎಂದ.

ಹೊಸ ಸ್ಪ್ರಿಂಗು, ಹೊಸ ಶಾಕಪ್ ಹಾಕಿಸಿ ಗಾಡಿಯನ್ನು ಎತ್ತರಿಸಬೇಕೆಂಬುದು ನನ್ನ ಆಲೋಚನೆ. ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ನಾಲ್ಕು ಇಂಚು ಎಂದು ನಿಶ್ಚಯಿಸಿಕೊಂಡಿದ್ದೆ. ಭೀಮಶಾ ಒಪ್ಪಲಿಲ್ಲ.

“ಎರಡ ಇಂಚ ಸಾಕ್ರಿ. ನಾಕ ಅಂದ್ರ ಅದು ಗಾಡಿ ಅಲ್ಲ, ಒಂಟಿ.”

ಆ ಒಂಟೆಯ ಮಾತು ಅಪ್ಪನ ಕಿವಿಗೂ ಬಿತ್ತು. ಅಂದು ಅವನು ಗಾಡಿಯಲ್ಲೇ ಕುಳಿತಿದ್ದ. “ಎರಡ ಇಂಚಿಂದೂ ಒಂಟಿಮರಿನೇ. ನಾ ಹತ್ತಂಗಿಲ್ಲ,” ಎಂದು ಮುಖ ತಿರುಗಿಸಿದ. ಭೀಮಶಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೆಲ್ಲಗೆ, “ಅರವತ್ತೆಂಟ,” ಎಂದ.

ಕೆಲಸದ ದಿನ ಅಪ್ಪ ಬರಲಿಲ್ಲ. ನಾನೂ ಸುಜಾತಾಳೂ ಹೋದೆವು. ಗಾಡಿಯನ್ನು ಜಾಕ್ ಹಚ್ಚಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರಗಳನ್ನು ಕಳಚಿ, ಭೀಮಶಾ ಹಳೆಯ ಸ್ಪ್ರಿಂಗನ್ನು ಹೊರಗೆಳೆದು ಹೊಸದರ ಪಕ್ಕದಲ್ಲಿಟ್ಟ. ಹಳೆಯದು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮುದುಕನಂತಿತ್ತು. ಹೊಸದನ್ನು ಕಬ್ಬಿಣದ ಕ್ಲಾಂಪುಗಳಿಂದ ಒತ್ತಿ, ಒತ್ತಿ, ಗಿಡ್ಡ ಮಾಡಿ ಅದರ ಗೂಡಿನಲ್ಲಿ ಕೂರಿಸುವಾಗ ಮಾತ್ರ ಅವನು ಮಾತು ನಿಲ್ಲಿಸುತ್ತಿದ್ದ. ಅದು ಸಿಡಿದರೆ ಕೈ ಹೋಗುತ್ತದೆ. ಶಾಕಪ್‌ಗಳು ಸೇರಿದವು. ಬ್ರೇಕಿನ ಪೈಪು ಎಳೆದಂತಾಗಿದೆಯೋ ಎಂದು ಬೆರಳಿನಿಂದ ಮೀಟಿ ನೋಡಿದ. ಬೋಲ್ಟುಗಳನ್ನೆಲ್ಲ ಕೈಯಲ್ಲಿ ತಿರುಗುವಷ್ಟೇ ಸಡಿಲವಾಗಿ ಬಿಟ್ಟು, ಚಕ್ರ ಹಾಕಿ, ಗಾಡಿಯನ್ನು ಇಳಿಸಿದ.

“ಈಗ ಹತ್ತರ್ರಿ ಎಲ್ಲಾರೂ.”

ಅದು ಅವನ ಪದ್ಧತಿ. ಗಾಡಿ ಗಾಳಿಯಲ್ಲಿದ್ದಾಗ ಬಿಗಿದರೆ ಕೀಲುಗಳಲ್ಲಿರುವ ರಬ್ಬರಿನ ಬುಷ್‌ಗಳು ತಿರುಚಿಕೊಂಡೇ ಕೂರುತ್ತವೆ, ಬೇಗ ಹರಿಯುತ್ತವೆ. ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೆಯೇ ಬಿಗಿಯಬೇಕು. ಇದು ಎಲ್ಲ ಮಿಸ್ತ್ರಿಗಳಿಗೂ ಗೊತ್ತು. ಭೀಮಶಾ ಒಂದು ಹೆಜ್ಜೆ ಮುಂದೆ ಹೋಗಿ, ಆ ಗಾಡಿಯಲ್ಲಿ ದಿನಾ ಓಡಾಡುವವರನ್ನು ಅವರವರ ಜಾಗದಲ್ಲೇ ಕೂರಿಸಿ ಬಿಗಿಯುತ್ತಿದ್ದ. ಅಷ್ಟು ಬೇಕಿಲ್ಲ, ಗಾಡಿ ಚಕ್ರದ ಮೇಲೆ ನಿಂತರೆ ಸಾಕು ಎಂದು ನಾನು ಓದಿದ್ದನ್ನು ಹೇಳಿದೆ.

“ಪುಸ್ತಕ ಬರದಾವ್ರು ಖಾಲಿ ಗಾಡಿ ಓಡಸ್ತಾರೇನ್ರಿ?” ಎಂದು ಬೋಲ್ಟು ಬಿಗಿಯುವ ಪಾನಾ ಹಿಡಿದು ಗಾಡಿಯ ಕೆಳಗೆ ತೂರಿದ.

ನಾನು ಸ್ಟಿಯರಿಂಗ್ ಹಿಡಿದು ಕುಳಿತೆ, ಸುಜಾತಾ ಹಿಂದೆ. ಅಪ್ಪನ ಜಾಗ ಖಾಲಿ. ಭೀಮಶಾ ಹೊರಬಂದು ಅದನ್ನು ನೋಡಿ, ರಸ್ತೆಬದಿಯ ರಾಶಿಯಿಂದ ಎರಡು ಫರಸಿ ಕಲ್ಲು ಆರಿಸಿ ಹೊತ್ತು ತಂದು ಸೀಟಿನ ಮೇಲಿಟ್ಟ, ಬೆಲ್ಟನ್ನೂ ಹಾಕಿದ. ಇಷ್ಟು ಸುಜಾತಾಳಿಗೂ ನೆನಪಿದೆ. ಹಿಂಬದಿಯ ಬೋಲ್ಟು ಬಿಗಿದಾದ ಮೇಲೆ ಅವಳು ಚಿತ್ತಾಪುರದ ಬಸ್ ಹಿಡಿದು ತಾನು ಕಲಿಸುವ ಶಾಲೆಗೆ ಹೊರಟುಹೋದಳು. ಮುಂದಿನದಕ್ಕೆ ನಾನೊಬ್ಬನೇ ಸಾಕ್ಷಿ.

ಭೀಮಶಾ ಚಹಾ ಕುಡಿದ. ಇನ್ನೊಂದು ಚಹಾ ಕುಡಿದ. ಮುಂದಿನ ಬೋಲ್ಟುಗಳಿಗೆ ಕೈ ಹಚ್ಚಲೇ ಇಲ್ಲ. ಅಷ್ಟರಲ್ಲಿ ವಾಡಿಯ ನಬಿಯ ಆಟೊ ಬಂದು ನಿಂತಿತು. ಒಳಗಿನಿಂದ ಅಪ್ಪ ಇಳಿದ. ಒಂದು ಕೈ ಸೊಂಟದ ಮೇಲೆ. ನೇರ ಗಾಡಿಯ ಹತ್ತಿರ ಬಂದು ಕಿಟಕಿಯಲ್ಲಿ ಇಣುಕಿದ.

“ಜೀವಂತ ಇದ್ದೀನಲೇ ನಾ! ನನ್ನ ಜಾಗಾದಾಗ ಕಲ್ಲ ಯಾಕ ಕುಂದರ್ಸೀದಿ?”

“ಏನ್ ಮಾಡ್ಬೇಕ್ರಿ ಕಾಕಾ,” ಎಂದ ಭೀಮಶಾ, ಚಹಾದ ಲೋಟ ಕೆಳಗಿಡದೆ. “ನೀವು ಕರದ್ರ ಬರಲಿಲ್ಲ. ಕಲ್ಲು ಬಂದವು. ಅವಕ್ಕ ಬೆನ್ನ ನೋವಿಲ್ಲ, ಸಿಟ್ಟಿಲ್ಲ.”

“ತಗೀ ಅವ್ನ!”

“ತಗೀತೀನ್ರಿ. ಆದ್ರ ಜಾಗಾ ಖಾಲಿ ಬಿಡ್ಲಾಕ ಬರಂಗಿಲ್ಲ. ಯಾರರ ಕುಂದರಬೇಕು.”

ಕಲ್ಲುಗಳನ್ನು ಇಳಿಸಿ, ಒಂದರ ಮೇಲೊಂದಿಟ್ಟು, ಬಾಗಿಲ ಕೆಳಗೆ ಸರಿಸಿದ. ಅಪ್ಪ ಕಲ್ಲುಗಳನ್ನು ನೋಡಿದ, ಸೀಟನ್ನು ನೋಡಿದ. ಭೀಮಶಾ ಕೈ ಚಾಚಲಿಲ್ಲ; ನಾನು ಇಳಿಯಲು ಹೋದರೆ ಕಣ್ಣಲ್ಲೇ ತಡೆದ. ಅಪ್ಪ ಕಲ್ಲಿನ ಮೇಲೆ ಕಾಲಿಟ್ಟು, ಬಾಗಿಲ ಹಿಡಿಕೆ ಹಿಡಿದು, ಹಲ್ಲು ಕಚ್ಚಿ ಹತ್ತಿ ಕುಳಿತ. ಆಗ ಭೀಮಶಾ ಗಾಡಿಯ ಕೆಳಗೆ ತೂರಿದ. ಅವನು ಬೋಲ್ಟು ಬಿಗಿಯುವಷ್ಟು ಹೊತ್ತೂ ಅಪ್ಪ ಕಿಟಕಿಯಿಂದ ಬಗ್ಗಿ, ಅವನಿಗೆ, ಅವನ ಕಸುಬಿಗೆ, ನನ್ನ ಓದಿಗೆ ಬೈಯುತ್ತಲೇ ಇದ್ದ. ಕೆಳಗಿನಿಂದ, “ಹಾಂ ಕಾಕಾ, ಖರೇ ಕಾಕಾ,” ಎಂಬ ದನಿ.

ಮುಂದಿನ ವಾರ ಹೊಲಕ್ಕೆ ಹೋದೆವು. ಬಂಡೆಗಳ ಮೇಲೆ ಗಾಡಿ ತೂಗಿತು, ಬಡಿಯಲಿಲ್ಲ. ಅಪ್ಪ ಕೊಟ್ಟುಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ. ಯಾವಾಗಿನಿಂದ ಎತ್ತಲಿಲ್ಲ ಎಂದು ಹೇಳುವುದು ಕಷ್ಟ. ಆಡದ ಮಾತಿಗೆ ತಾರೀಖು ಇರುವುದಿಲ್ಲ.

ಭೀಮಶಾನನ್ನು ಕೊನೆಯ ಸಲ ಕಂಡದ್ದು ಗ್ಯಾರೇಜಿನ ಮುಂದೆಯೇ. ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕುಳಿತಿದ್ದ. ಅಂಗಿ ಅವನಿಗಿಂತ ದೊಡ್ಡದಾಗಿತ್ತು. ನನ್ನ ತೂಕ ಹೇಳಿದ. ನಿಂದೆಷ್ಟು ಎಂದು ಕೇಳಿದೆ.

“ಹರಗೋಲ ಹಾಕಾಂವ ಎಲ್ಲಾರ ತೂಕ ನೋಡ್ತಾನ, ತನ್ನದು ಮರೀತಾನ,” ಎಂದು ನಕ್ಕ. “ಕಾಕಾ ಹೊಲಕ್ಕ ಹೋಗ್ಲಿಕತ್ತಾನಿಲ್ಲೋ?”

ಹೋಗುತ್ತಿದ್ದಾನೆ ಎಂದೆ. ತಲೆಯಾಡಿಸಿದ. ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಹೋದ ಸುದ್ದಿ ಬಂತು. ಈಗ ಆ ಜಾಗದಲ್ಲಿ ಮೊಬೈಲ್ ಕವರುಗಳ ಅಂಗಡಿ ಇದೆ.

ಇದನ್ನು ಬರೆಯಲು ಕುಳಿತಾಗ ಹಳೆಯ ಅನುಮಾನ ಮತ್ತೆ ಕಾಡಿತು. ಕಲ್ಲೂ ಇದ್ದು, ಅಪ್ಪನೂ ಬಂದು, ಕಲ್ಲೇ ಅವನಿಗೆ ಮೆಟ್ಟಿಲಾದದ್ದು ಅತಿಯಾಗಿ ಹೊಂದಿಕೊಳ್ಳುತ್ತದೆ. ಇದನ್ನು ನಾನೇ ಹೆಣೆದಿರಬಹುದು. ವಾಡಿ ಸ್ಟೇಷನ್ನಿನ ಮುಂದೆ ನಬಿ ಸಿಕ್ಕ. ಆ ದಿನ ಅಪ್ಪನನ್ನು ಶಹಾಬಾದಿಗೆ ಬಿಟ್ಟದ್ದು ನೆನಪಿದೆಯೇ ಎಂದಷ್ಟೇ ಕೇಳಿದೆ. ಕಲ್ಲಿನ ಮಾತು ಎತ್ತಲಿಲ್ಲ.

“ಮರೀಲಾಕ ಆಗ್ತದೇನ್ರಿ?” ಎಂದ ನಬಿ. “ಭೀಮಶಾನೇ ನನಗ ಫೋನ್ ಮಾಡಿದ್ದ. ‘ಕಾಕಾನ ಮನಿಗಿ ಹೋಗು. ಗಾಡಿ ಬಗ್ಗಿ ಏನೂ ಹೇಳಬ್ಯಾಡ. ನಿನ್ನ ಜಾಗಾದಾಗ ಕಲ್ಲ ಕುಂತಾದ ಅಂತ ಅಷ್ಟ ಹೇಳು. ತಾನ ಬರ್ತಾನ’ ಅಂದ.”

ಇವನೂ ಒಬ್ಬನೇ ಸಾಕ್ಷಿ. ಮನೆಗೆ ಬಂದು ಅಪ್ಪನ ಮುಂದೆ ನಬಿಯ ಮಾತನ್ನು ಹಾಗೆಯೇ ಇಟ್ಟೆ. ಅಪ್ಪ ಹೊಲಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ. “ಹೇಳಬ್ಯಾಡ ಅಂದ್ರೂ ಆ ನಬೀ ಬಾಯಾಗ ಒಂದ ಮಾತ ನಿಂದ್ರಂಗಿಲ್ಲ,” ಎಂದ.