ಅಮರೇಶಪ್ಪ ಕಾಕಾನ ಒಡಪು

ನಮ್ಮ ಅಮರೇಶಪ್ಪ ಕಾಕಾನ ಕಣ್ಣಿಗೆ ದೊಡ್ಡ ಸಂಖ್ಯೆಯೊಂದು ಬಿದ್ದರೆ ಮುಗಿಯಿತು, ಅದರ ಕುಲಗೋತ್ರ ಕೆದಕದೆ ಬಿಡುವವನಲ್ಲ. ಸರಿಯೋ ಬೆಸವೋ, ಮೂರರಿಂದ ಭಾಗವಾಗುತ್ತದೋ, ಯಾವುದಕ್ಕೂ ಬಗ್ಗದ ಅವಿಭಾಜ್ಯವೋ? ಲಿಂಗಂಪಲ್ಲಿ ಲೋಕಲ್‌ನಲ್ಲಿ ಜೊತೆಗೆ ಕೂತರೆ ಬೋಗಿಯ ನಂಬರನ್ನೂ ಒಡೆದು ತೋರಿಸಿ ನನ್ನ ತಲೆ ತಿನ್ನುತ್ತಿದ್ದ. ಹೈದರಾಬಾದಿನ ರಕ್ಷಣಾ ಕಾರ್ಖಾನೆಯಲ್ಲಿ ಆಯುಷ್ಯ ಕಳೆದವನಿಗೆ ಇದೊಂದೇ ಚಟ.

ನಮ್ಮ ಕಡೆ ಗಂಡ ಹೆಂಡತಿಯ ಹೆಸರನ್ನು ನೇರವಾಗಿ ಹೇಳುವಂತಿಲ್ಲ. ಶುಭಕಾರ್ಯಗಳಲ್ಲಿ ಪ್ರಾಸ ಕಟ್ಟಿ, ಅದರೊಳಗೆ ಹೆಸರಿಟ್ಟು ಹೇಳಬೇಕು; ಅದೇ ಒಡಪು. ಪ್ರಾಸ ಕಾಕಾನಿಗೆ ಹತ್ತಿದ್ದಲ್ಲ. ಮದುವೆಯ ತಾರೀಖು 5-05-1983 ಅನ್ನೇ 5051983 ಎಂಬ ಸಂಖ್ಯೆ ಮಾಡಿಕೊಂಡು ಕೂತ. ಅದರ ವರ್ಗಮೂಲ ಎರಡು ಸಾವಿರದ ಇನ್ನೂರ ಚಿಲ್ಲರೆ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದೆಲ್ಲ ಕೈಯಲ್ಲೇ ಭಾಗಿಸಿದ, ಒಂದೂ ತಾಗಲಿಲ್ಲ. ಹಂದರದಲ್ಲಿ ಎದ್ದು ನಿಂತು ಹೇಳಿಯೇಬಿಟ್ಟ:

"ಐವತ್ತು ಲಕ್ಷ ಐವತ್ತೊಂದು ಸಾವಿರದ ಒಂಬೈನೂರಾ ಎಂಬತ್ತಮೂರು, ಯಾರು ಬಂದ್ರೂ ಭಾಗ ಆಗಂಗಿಲ್ಲ, ನಮ್ಮ ಸಾಬಮ್ಮ!"

ಜನ ಬಿದ್ದು ಬಿದ್ದು ನಕ್ಕರಂತೆ.

ಆಮೇಲೆ ಹನ್ನೆರಡು ವರ್ಷ ಮಕ್ಕಳಾಗಲಿಲ್ಲ. ಇನ್ನೊಂದು ಮದುವೆ ಮಾಡಿಕೊ ಎಂದು ನಮ್ಮ ಮನೆಯ ಹಿರಿಯರೇ ಬೆನ್ನು ಹತ್ತಿದರು, ನಾಚಿಕೆಯಿಲ್ಲದವರು. ಕಾಕಾ ಜಗಳಕ್ಕೆ ಹೋಗುವವನಲ್ಲ. ಯಾರ ಮನೆಯ ಕಾರ್ಯದಲ್ಲೇ ಆಗಲಿ, ಒಡಪಿನ ಸರದಿ ಬಂದಾಗ ಅದೇ ಸಂಖ್ಯೆ ಹೇಳಿ ಕೂಡುತ್ತಿದ್ದ. ಮುಟ್ಟಬೇಕಾದವರಿಗೆ ಮುಟ್ಟುತ್ತಿತ್ತು. ಸಾಬಮ್ಮ ಕಾಕು ಆ ವರ್ಷಗಳಲ್ಲಿ ಆ ಸಂಖ್ಯೆಯನ್ನೇ ನಂಬಿ ಬದುಕಿದಳು. ಕೊನೆಗೆ ಲಹರಿ ಹುಟ್ಟಿದಳು.

ಹೋದ ವರ್ಷ ಬಸುರಿ ಲಹರಿಗೆ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಹಿಂದಿನ ದಿನ ಕಾಕಾ ಊಟಕ್ಕೇ ಏಳಲಿಲ್ಲ. ನಾನೂ ಕಾಕುವೂ ಹೋಳಿಗೆ ಲಟ್ಟಿಸುತ್ತಿದ್ದೆವು. ಅಳಿಯ ಕೊಡಿಸಿದ ಹೊಸ ಫೋನು ಹಿಡಿದು ಕಾಕಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಸುಮ್ಮನೆ ಖುಷಿಗೆಂದು ಆ ಸಂಖ್ಯೆಯನ್ನು ಅದರಲ್ಲಿ ಭಾಗಿಸಿ ನೋಡಿದ್ದನಂತೆ.

"ಅದು ಭಾಗ ಆಗತೈತಿ," ಎಂದ. "ನಲವತ್ತೇಳರಿಂದ. ಅದೂ ಎರಡು ಸಲ. ಆವಾಗ ಒಂದು ಕಳೆಯೋ ಲೆಕ್ಕದಾಗ ತಪ್ಪೀನಿ."

ಎರಡು ಸಲ ನಲವತ್ತೇಳರಿಂದ ಭಾಗಿಸಿದರೆ ಉಳಿಯುವುದು 2287. ಅದು ಅವಿಭಾಜ್ಯ, ಅವನು ಹುಡುಕಿದ ಎಲ್ಲೆಯ ಆಚೆಗಿನದು. ಹಾಗಾಗಿ ನಲವತ್ತೇಳರಲ್ಲಿ ಕೈತಪ್ಪಿದ ಮೇಲೆ ಆ ತಪ್ಪು ಇನ್ನೆಲ್ಲೂ ಸಿಕ್ಕಿಬೀಳುವಂತಿರಲಿಲ್ಲ.

"ಇಷ್ಟು ವರ್ಷ ನಿನಗ ಸುಳ್ಳು ಹೇಳ್ದಂಗಾತು," ಎಂದ.

ಕಾಕು ಲಟ್ಟಣಿಗೆ ನಿಲ್ಲಿಸಲಿಲ್ಲ.

"ಸಂಖ್ಯಾ ಒಡದ್ರ ಒಡೀಲಿ ಬಿಡ್ರಿ. ನೀವು ಒಡೀಲಿಲ್ಲಲ್ರಿ."

ಕಾಕಾ ಬಾಗಿಲಿಗೆ ಒರಗಿ ಅತ್ತುಬಿಟ್ಟ.

ಮರುದಿನ ಆರತಿ ಮುಗಿದದ್ದೇ ತಡ, ಹೆಂಗಸರು ಶುರು ಮಾಡಿದರು: "ಕಾಕಾ, ನಿಮ್ಮ ನಂಬರ್ ಹೇಳ್ರಿ!"

ಕಾಕಾ ಎದ್ದು ನಿಂತ. ಹೇಳಲು ಸಂಖ್ಯೆಯಿಲ್ಲ, ಪ್ರಾಸ ಮೊದಲೇ ಬರುವುದಿಲ್ಲ. ಹೆಂಡತಿಯ ಕಡೆ ನೋಡಿದ.

"ಸಾಬಮ್ಮ," ಎಂದ. ಅಷ್ಟೇ.

"ಇದೇನ್ರಿ, ಬರೇ ಹೆಸರು! ಒಡಪು ಎಲ್ಲೈತಿ?" ಎಂದು ಗದ್ದಲ ಎದ್ದಿತು. ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಅಷ್ಟು ಜನರ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಸೆರಗು ತೆಗೆದಳು.

"ಇನ್ನೊಮ್ಮೆ ಅನ್ರಿ," ಅಂದಳು.