‘ಚೆನ್ನಾಗಿದ್ದಾಳೆ’ ಅಂದ ತಪ್ಪಿಗೆ

ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುವ ಟೈಲರಕ್ಕನಿಗೆ ಆ ಬೆಳಿಗ್ಗೆ ಕನ್ನಡಕ ಹಾಕಿಕೊಂಡರೂ ಆಗಲಿಲ್ಲ. ಕೋರ್ಟಿನ ಹಿಂದಿನ ಓಣಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಅವಳ ಮಿಷನ್ನು. ವಕೀಲರ ಕರಿ ಕೋಟಿನ ಅಸ್ತರು ಹರಿದರೆ, ಗುಂಡಿ ಉದುರಿದರೆ ಎಲ್ಲರೂ ಅವಳ ಹತ್ತಿರವೇ ಓಡಿ ಬರಬೇಕು. ಇವತ್ತು ಅವಳೇ ಬಾಗಿಲು ಎಳೆದುಕೊಂಡು ಕೋರ್ಟಿಗೆ ಹೊರಟಳು. ಮೇಷ್ಟ್ರಿಗೆ ಎಷ್ಟು ವರ್ಷ ಶಿಕ್ಷೆ ಅಂತ ಹೇಳುವ ದಿನ ಅದು.

ಮೇಷ್ಟ್ರು ಅಂದರೆ ಅವಳಿದ್ದ ಮನೆಯ ಮಾಲೀಕ. ಕೆಳಗಡೆ ಅವನ ಸಂಸಾರ, ಮೇಲಿನ ಎರಡು ಕೋಣೆಯಲ್ಲಿ ಇವಳು ಮತ್ತು ಮಗಳು ಗುಬ್ಬಿ. ಸಂಜೆ ಬೀದಿಯ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಡುತ್ತಿದ್ದ. ದೇವರಂಥ ಮನುಷ್ಯ ಅಂತ ಬೀದಿಯೆಲ್ಲ ಹೊಗಳಿದ್ದೇ ಹೊಗಳಿದ್ದು. ಆ ದೇವರಂಥ ಮನುಷ್ಯನೇ, ಅವನ ಮನೆ ಹಾಳಾಗ, ಹತ್ತು ವರ್ಷದ ಗುಬ್ಬಿಯ ಮೇಲೆ ಕೈ ಹಾಕಿದ್ದು. ಮಗು ಬಾಯಿಬಿಟ್ಟಿತು, ಕೇಸಾಯಿತು, ತಪ್ಪಿತಸ್ಥ ಅಂತ ತೀರ್ಪೂ ಬಂತು. ಉಳಿದದ್ದು ಶಿಕ್ಷೆ ಒಂದೇ.

“ಕಾನೂನು ಕೆಳಗೊಂದು ಗೆರೆ, ಮೇಲೊಂದು ಗೆರೆ ಎಳೆದಿದೆ ಅಕ್ಕ,” ಅಂತ ಸರ್ಕಾರಿ ವಕೀಲೆ ಬಿಡಿಸಿ ಹೇಳಿದ್ದಳು. “ಕೆಳಗಿನದು ಹತ್ತು ವರ್ಷ. ಅದಕ್ಕಿಂತ ಕಮ್ಮಿ ಕೊಡೋ ಹಾಗಿಲ್ಲ. ಮೇಲಿನದು ಜೀವಾವಧಿ. ನಡುವೆ ಎಷ್ಟು ಅನ್ನೋದು ಜಡ್ಜ್ ಸಾಹೇಬರಿಗೆ ಬಿಟ್ಟಿದ್ದು. ಮಗುವಿನ ವಯಸ್ಸು, ಅವನ ಮೇಲೆ ನೀವಿಟ್ಟ ನಂಬಿಕೆ, ಮಗುವಿಗಾದ ಪೆಟ್ಟು, ಎಲ್ಲ ತೂಗಿ ನೋಡ್ತಾರೆ. ಅವರ ಕಡೆಯವರೂ ತಮ್ಮದು ಹೇಳ್ಕೋತಾರೆ.”

ಹತ್ತೇ ವರ್ಷವಾದರೆ? ಗುಬ್ಬಿ ಓದು ಮುಗಿಸುವ ಹೊತ್ತಿಗೆ ಅವನು ಅದೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಮನೆ ಬಿಡೋಣವೆಂದರೆ ಗಂಡಸಿಲ್ಲದ ಸಂಸಾರ, ಮೇಲೆ ಈ ಕೇಸು ಬೇರೆ. ಕೇಳಿದ ಕಡೆಯೆಲ್ಲ ಬಾಗಿಲು ಮುಖಕ್ಕೇ ಹಾಕಿದ್ದರು.

ಕೋರ್ಟಿನ ಹಾಲಿನಲ್ಲಿ ಹಿಂದಿನ ಬೆಂಚಿನ ತುದಿಗೆ ಕೂತಳು. ಮುಂದೆ ಮೇಷ್ಟ್ರ ಕಡೆಯ ಹಿರಿಯ ವಕೀಲ, ಅವನ ಬೆನ್ನಿಗೆ ಒಬ್ಬ ಜೂನಿಯರ್. ಆ ಹುಡುಗನ ಕೋಟಿನ ಭುಜದ ಹೊಲಿಗೆ ನೋಡಿದ್ದೇ ತಡ, ಅವಳಿಗೆ ಗುರುತು ಸಿಕ್ಕಿತು. ಅದು ತನ್ನದೇ ಹೊಲಿಗೆ! ಹೋದ ವಾರ ಅಂಗಡಿಗೆ ಬಂದಿದ್ದ ಹೊಸ ಮುಖ. ಯಾರ ಆಫೀಸಿನವನೋ ಅಂತ ಕೇಳಲೂ ಇಲ್ಲ ಈ ಪುಣ್ಯಾತ್ಗಿತ್ತಿ. ಗಿರಾಕಿ ನಿಂತಿರುವಾಗ ಬಾಯಿ ಮುಚ್ಚಿ ಹೊಲಿದು ಅವಳಿಗೆ ಗೊತ್ತಿದ್ದರೆ ತಾನೆ!

“ಮಗಳು ಹೇಗಿದ್ದಾಳಕ್ಕ?” ಅಂತ ಕೇಳಿದ್ದ, ಬಲು ಕನಿಕರದಿಂದ.

“ಚೆನ್ನಾಗಿದ್ದಾಳಪ್ಪ. ಸ್ಕೂಲಿನ ಓಟದಲ್ಲಿ ಫಸ್ಟ್ ಬಂದಳು!”

ಅಲ್ಲ, ನಾನು ಕೇಳ್ತೀನಿ, ಇನ್ನೇನು ಹೇಳಬೇಕಿತ್ತು? ದಾರಿಯಲ್ಲಿ ಸಿಕ್ಕವರು ಮಗು ಹೇಗಿದೆ ಅಂದರೆ ಯಾವ ತಾಯಿ ಸಂಕಟ ಹರಡಿಕೊಂಡು ಕೂರುತ್ತಾಳೆ? ಚೆನ್ನಾಗಿದೆ ಅಂತಲೇ ಅನ್ನೋದು. ಆದರೆ ಈಗ ಆ ಹುಡುಗ ಬಗ್ಗಿ ಹಿರಿಯನ ಕಿವಿಯಲ್ಲಿ ಏನೋ ಊದಿದ.

ಹಿರಿಯ ವಕೀಲ ಎದ್ದ. ಕಕ್ಷಿದಾರರಿಗೆ ವಯಸ್ಸಾಗಿದೆ, ಹೆಂಡತಿ ಹಾಸಿಗೆ ಹಿಡಿದಿದ್ದಾರೆ, ಹಿಂದೆ ಒಂದು ಕೇಸಿಲ್ಲ, ಇವರು ಒಳ್ಳೆಯವರು ಅಂತ ನೆರೆಹೊರೆಯವರೆಲ್ಲ ಬರೆದುಕೊಟ್ಟಿದ್ದಾರೆ ಅಂತ ನಿಧಾನವಾಗಿ ಹೇಳುತ್ತಾ ಹೋದ. ಕೊನೆಗೆ ದನಿ ತಗ್ಗಿಸಿದ. “ಮಗುವೂ ದೇವರ ದಯದಿಂದ ಪೂರ್ತಿ ಚೇತರಿಸಿಕೊಂಡಿದೆ ಸ್ವಾಮಿ. ಓಟದಲ್ಲಿ ಬಹುಮಾನ ಬಂದಿದೆ. ಚೆನ್ನಾಗಿದ್ದಾಳೆ ಅಂತ ತಾಯಿಯೇ ಹೇಳಿದ್ದಾರೆ. ಆದ್ದರಿಂದ ಕಾನೂನಿನ ಕನಿಷ್ಠ ಶಿಕ್ಷೆಯೇ ಸಾಕು.”

ಸರ್ಕಾರಿ ವಕೀಲೆ ಸರಕ್ಕನೆ ತಿರುಗಿ ಇವಳನ್ನು ನೋಡಿದಳು. ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳ! ಒಂದು ಮಾತಿಗೆ ಎಷ್ಟು ವರ್ಷ ಹೋಯಿತೋ. ಕಟಕಟೆಯಲ್ಲಿದ್ದ ಮೇಷ್ಟ್ರು ತಲೆ ಎತ್ತಿದ. ಅವನ ಮುಖಕ್ಕೆ ಸ್ವಲ್ಪ ಕಳೆ ಬಂದ ಹಾಗೆ ಕಂಡಿತು.

ನ್ಯಾಯಾಧೀಶರು ಅವಳ ಕಡೆ ನೋಡಿದರು. “ಏನಮ್ಮ, ಹಾಗೆ ಹೇಳಿದ್ದು ನಿಜವೇ?”

ಅವಳು ಎದ್ದಳು. ಮುಂದಿನ ಬೆಂಚು ಹಿಡಿದುಕೊಂಡಳು.

“ಹೇಳಿದ್ದು ನಿಜ ಸ್ವಾಮಿ. ಓಟದಲ್ಲಿ ಗೆದ್ದಿದ್ದೂ ನಿಜ. ಅವಳಿಗೆ ಓಡೋದು ಎಲ್ಲಿ ರೂಢಿ ಆಯ್ತು ಅಂತ ಇವರು ಕೇಳ್ಲಿಲ್ಲ. ಸ್ಕೂಲಿಂದ ಬಂದು ಕೆಳಗಿನ ಮನೆ ಬಾಗಿಲು ದಾಟೋವಾಗ ಉಸಿರು ಬಿಗಿ ಹಿಡಿದು ಓಡ್ತಾಳೆ. ಇವನು ಜೈಲಲ್ಲಿದ್ದಾನೆ ಮಗಾ, ಮೆಲ್ಲಗೆ ಹತ್ತು ಅಂದ್ರೂ ಕೇಳಲ್ಲ. ದಿನಾ ಓಡ್ತಾಳೆ. ಮೇಲೆ ಬಂದು ಚಿಲಕ ಹಾಕಿ, ಹಾಕಿದ್ದೀನಾ ಅಂತ ಮತ್ತೆ ಮತ್ತೆ ಎಳೆದು ನೋಡ್ತಾಳೆ. ಇದನ್ನೆಲ್ಲ ಕೋಟು ಹೊಲಿಸೋಕೆ ಬಂದವರ ಹತ್ರ ಹೇಗೆ ಹೇಳ್ಲಿ?”

ಜೂನಿಯರ್ ಹುಡುಗ ತಲೆ ತಗ್ಗಿಸಿದ್ದ.

ಊಟದ ಬಿಡುವಿನ ತನಕ ಕಾಯಿಸಿದರು. ಕಾರಿಡಾರಿನ ಗೋಡೆಗೆ ಒರಗಿ ನಿಂತ ಟೈಲರಕ್ಕ ಒಂದು ಗುಟುಕು ನೀರೂ ಕುಡಿಯಲಿಲ್ಲ. ಆಮೇಲೆ ನ್ಯಾಯಾಧೀಶರು ಓದಿದರು. ಮಗು ಗಟ್ಟಿಯಾಗಿ ನಿಂತಿದ್ದರೆ ಅದು ಮಗುವಿನ ದೊಡ್ಡತನ, ಅಪರಾಧಿಯ ತಪ್ಪು ಅದರಿಂದ ಹಗುರಾಗದು. ಊರು ಕೊಟ್ಟ ಒಳ್ಳೆಯ ಹೆಸರನ್ನೇ ಇವನು ಮಗುವನ್ನು ಹತ್ತಿರ ಕರೆಯಲು ಬಳಸಿಕೊಂಡಿದ್ದಾನೆ, ಆದ್ದರಿಂದ ಅದೇ ಹೆಸರಿನ ಮೇಲೆ ರಿಯಾಯಿತಿ ಕೇಳುವಂತಿಲ್ಲ. ವಯಸ್ಸನ್ನೂ ಹೆಂಡತಿಯ ಕಾಯಿಲೆಯನ್ನೂ ಗಮನಿಸಿದ್ದೇವೆ, ಅದಕ್ಕೇ ಮೇಲಿನ ಗೆರೆ ಮುಟ್ಟಿಲ್ಲ. ಇಪ್ಪತ್ತು ವರ್ಷ.

ಸರ್ಕಾರಿ ವಕೀಲೆ ಬಂದು ಕೈ ಹಿಡಿದಳು. ಟೈಲರಕ್ಕ ಅಲ್ಲೇ ಕುಸಿದು ಕೂತು ಗೊಳೋ ಅಂತ ಅತ್ತಳು. ಅತ್ತು ಮುಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಸ್ಕೂಲಿನ ಗೇಟಿಗೆ ಹೋದಳು.

ಗುಬ್ಬಿ ಚೀಲ ಅಮ್ಮನ ಕೈಗೆ ಕೊಟ್ಟು ಸ್ವಲ್ಪ ದೂರ ನಡೆದಳು. ಆಮೇಲೆ ಕೇಳಿದಳು. “ಎಷ್ಟಂತೆ?”

“ಇಪ್ಪತ್ತು ವರ್ಷ ಕಣೇ. ಇನ್ನು ಹೆದರಬೇಡ ನನ್ನಪ್ಪ.”

“ಅವರು ವಾಪಸ್ ಬಂದಾಗ ನಾನು ಎಷ್ಟು ದೊಡ್ಡವಳಾಗಿರ್ತೀನಿ?”

“ತುಂಬ ದೊಡ್ಡವಳು. ಈಗ ನಾನಿದ್ದೀನಲ್ಲ, ಹೆಚ್ಚೂಕಮ್ಮಿ ಇಷ್ಟು.”

ಗುಬ್ಬಿ ಯೋಚಿಸಿದಳು. ಅಮ್ಮನ ಬೆರಳು ಬಿಗಿಯಾಗಿ ಹಿಡಿದಳು.

“ಹಾಗಾದ್ರೆ ಆಗ ನನಗೂ ಒಬ್ಬಳು ಮಗಳಿರ್ತಾಳೆ, ಅಲ್ವಾಮ್ಮ?”